ಕತ್ತು ತಿರುಗಿಸಿದ ಗಿಣಿ

ಸಾವಿತ್ರಕ್ಕ, ನಮ್ಮ ಸಾಂಬಾರ್ ಪುಡಿ ಪ್ಯಾಕೆಟ್ ಮೇಲಿರುವ ಜೋಡಿ ಗಿಣಿ ನನ್ನದಲ್ಲ, ನಿನ್ನದು. ಅದನ್ನು ನಿನ್ನ ಬಾಗಿಲಿನಿಂದ ಎತ್ತಿಕೊಂಡು ಬಂದವಳು ನಾನು — ಆಮೇಲೆ ನಿನ್ನನ್ನೇ ಕಳ್ಳಿ ಅಂದವಳೂ ನಾನೇ.

ಬೀಚನಹಳ್ಳಿಯಲ್ಲಿ ನನ್ನ ತವರಿಗೂ ನಿನ್ನ ಮನೆಗೂ ಒಂದೇ ಗೋಡೆ. ಒಂದು ಸಂಕ್ರಾಂತಿಗೆ ನೀನು ಜೋಡಿ ಗಿಣಿಯ ರಂಗೋಲಿ ಬಿಡುತ್ತಿದ್ದೆ. ಎರಡನೆಯದರ ತಲೆ ಬರೆಯುವಷ್ಟರಲ್ಲಿ ಮೆಟ್ಟಿಲುಕಲ್ಲು ಅಡ್ಡ ಬಂತು. ನೀನು ಅಳಿಸಲಿಲ್ಲ, ಗಿಣಿಯ ಕತ್ತನ್ನೇ ಹಿಂದಕ್ಕೆ ತಿರುಗಿಸಿಬಿಟ್ಟೆ. ಎಷ್ಟು ಚೆನ್ನಾಗಿತ್ತು ಅಂದರೆ, ನಾನು ಮೊಬೈಲಿನಲ್ಲಿ ಫೋಟೊ ಹಿಡಿದುಕೊಂಡೆ. ನಮ್ಮ ಕಡೆ ಯಾರ ರಂಗೋಲಿಯನ್ನು ಯಾರು ಬೇಕಾದರೂ ನೋಡಿ ತಮ್ಮ ಅಂಗಳದಲ್ಲಿ ಬಿಡುತ್ತಾರೆ, ಅದಕ್ಕೆಲ್ಲ ಕೇಳುವುದುಂಟೆ? ಆದರೆ ನಾನು ಬಿಟ್ಟದ್ದು ಅಂಗಳದಲ್ಲಲ್ಲ. ಹುಣಸೂರಿನಲ್ಲಿ ಪುಡಿ ಮಾಡಲು ಶುರುಮಾಡಿದಾಗ ಅದನ್ನು ನನ್ನ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಂಡೆ. "ಆ ತಿರುಗಿದ ಕತ್ತೇ ನಿಮ್ಮ ಗುರುತು ಕಣಮ್ಮ, ಯಾರು ಬರೆದದ್ದು?" ಅಂದರು ವಕೀಲರು. ನಾನೇ, ಅಂದೆ.

ಆಮೇಲೆ ನೋಡಬೇಕಿತ್ತು ನನ್ನ ದರ್ಬಾರು! ನಮ್ಮ ಗಿಣಿಯನ್ನು ಹೋಲುವ ಗುರುತಿಗೆ ಬೇರೆ ಯಾರಾದರೂ ಅರ್ಜಿ ಹಾಕಿದ್ದಾರಾ ಎಂದು ಕಂಪ್ಯೂಟರಿನಲ್ಲಿ ಹುಡುಕುವುದು, ಕೃಷ್ಣರಾಜನಗರ, ಪಿರಿಯಾಪಟ್ಟಣದ ಅಂಗಡಿಗಳಲ್ಲಿ ನೇತುಹಾಕಿದ ಪ್ಯಾಕೆಟ್ಟುಗಳನ್ನು ತಿರುಗಿಸಿ ತಿರುಗಿಸಿ ನೋಡುವುದು. ಧನಿಯಾ ಪುಡಿ ಮೇಲೆ ಕಾಗೆ ಕಂಡರೂ ಬಿಡುತ್ತಿರಲಿಲ್ಲ. "ಗಿಣಿ ಪೊಲೀಸ್ ಬಂದ್ರು, ದಾರಿ ಬುಡ್ರಪ್ಪ" ಎಂದು ನಮ್ಮ ಯಜಮಾನರು ರೇಗಿಸುತ್ತಿದ್ದರು. ನನಗೆ ಅದೂ ಖುಷಿಯೇ.

ಹಾಗೆ ಸುತ್ತುತ್ತಾ ಒಂದು ದಿನ ನಮ್ಮೂರ ಹತ್ತಿರದ ಹ್ಯಾಂಡ್‌ಪೋಸ್ಟ್ ಪೇಟೆಗೆ ಬಂದೆ. ನೀನು ಅಲ್ಲಿ ಖಾರದ ಪುಡಿ ಮಾಡಿ ಮಾರುತ್ತಿರುವುದು ನನಗೆ ಗೊತ್ತೇ ಇರಲಿಲ್ಲ. ನೀನು ಒಂದು ಅಂಗಡಿಯವರಿಗೆ ಪ್ಯಾಕೆಟ್ ಕೊಡುತ್ತಾ ನಿಂತಿದ್ದೆ — ಮೇಲೆ ಜೋಡಿ ಗಿಣಿ, ಒಂದರ ಕತ್ತು ಹಿಂದಕ್ಕೆ. ಅದು ಯಾರ ಕೈ, ಯಾವ ಬಾಗಿಲಿನದು ಎಂದು ನನಗೆ ಆ ಗಳಿಗೆಯಲ್ಲೇ... ಗೊತ್ತಿತ್ತು, ಅಕ್ಕ. ಆದರೂ ಗಿರಾಕಿಗಳ ಮುಂದೆ, "ನಮ್ ಗಿಣಿ ಕದ್ದಿದ್ದೀಯಲ್ಲಕ್ಕ, ಕೇಸ್ ಹಾಕ್ತೀನಿ" ಅಂದುಬಿಟ್ಟೆ.

ನೀನು ಜಗಳಕ್ಕೆ ಬರುತ್ತೀಯೆಂದುಕೊಂಡೆ. ನೀನು ಪ್ಯಾಕೆಟ್ ನೋಡಿದೆ, ನನ್ನ ಕೈ ಹಿಡಿದುಕೊಂಡೆ.

"ಇದ್ರೂ ಇರ್ಬೌದು ಕಣವ್ವ. ನಿಮ್ ಪ್ಯಾಕೆಟ್ ನೋಡಿ ನೋಡಿ ಕೈಗೆ ಅಂಗೇ ಬಂದ್ಬುಟ್ಟದೆ. ತಪ್ಪಾಯ್ತು, ಬುಟ್ಬುಡು."

ಬಿಟ್ಟುಬಿಟ್ಟೆ. ಎಂಥ ದೊಡ್ಡ ಮನಸ್ಸು ನನ್ನದು!

ಹೋದ ವಾರ ನೀನು ಬಸ್‌ಸ್ಟಾಂಡಿನಲ್ಲಿ ಸಿಕ್ಕಿ ನಿನ್ನ ಹೊಸ ಪ್ಯಾಕೆಟ್ ತೋರಿಸಿದೆ, ಅದರ ಮೇಲೆ ನಿನ್ನದೇ ಫೋಟೊ. "ಈಗ ನನ್ ಮೂತೀನೇ ಆಕ್ಸಿವ್ನಿ ಕಣೆ. ಇದ್ನ ನಂದಲ್ಲ ಅನ್ನಕ್ಕೆ ಯಾರ್ಗೂ ಆಗಕಿಲ್ಲ!" ಎಂದು ಬಿದ್ದುಬಿದ್ದು ನಕ್ಕೆ. ನಿನ್ನ ಜೊತೆ ನಾನೂ ನಕ್ಕೆ. ನಾಚಿಕೆಯಾಯಿತು.

ಸೋಮವಾರ ಅದೇ ಅಂಗಡಿಗೆ ಬರುತ್ತೇನೆ. ಗಿಣಿ ಯಾರದು ಎಂದು ಗಿರಾಕಿಗಳ ಮುಂದೆ ಅಷ್ಟೇ ಜೋರಾಗಿ ಹೇಳುತ್ತೇನೆ. ಗುರುತನ್ನು ನಿನ್ನ ಹೆಸರಿಗೆ ಮಾಡಿಸಲು ವಕೀಲರಿಗೂ ಹೇಳಿಯಾಗಿದೆ, ನಾನು ಬೇರೆ ಯಾವುದಾದರೂ ಚಿತ್ರ ನೋಡಿಕೊಳ್ಳುತ್ತೇನೆ. ಇದೆಲ್ಲ ಸುಲಭ. ಆದರೆ ಮಾಡದ ತಪ್ಪಿಗೆ ನನ್ನ ಕೈ ಹಿಡಿದು ಕ್ಷಮೆ ಕೇಳಿದೆಯಲ್ಲ — ಅದನ್ನು ಹೇಗೆ ವಾಪಸ್ ಕೊಡಲಿ, ಅಕ್ಕ?