ನೀರು ಬೆರೆಸಿದ ಸ್ಪಿರಿಟ್

ಚೆನ್ನೈ ಹೊರವಲಯದ ತಾಂಬರಂನ ನಮ್ಮ ಮನೆಯಲ್ಲಿ ಅಣಬೆ ಬೆಳೆಯಲು ನನಗೆ ಹೇಳಿಕೊಟ್ಟವರು ಮೇಲಿನ ಮನೆಯ ಅಕ್ಕ. ಅವರೂ ಮೈಸೂರು ಕಡೆಯವರೇ. ಕನ್ನಡ ಕಿವಿಗೆ ಬಿದ್ದರೆ ಸಾಕು, ನಂಬಿಬಿಡುವ ಹುಚ್ಚು ನನಗೆ.

ಅಣಬೆ ಕೆಲಸದ ಚಾಕು, ಚಮಚಗಳನ್ನು ಕ್ರಿಮಿ ಸಾಯುವಂತೆ ಒರೆಸಲು ಸ್ಪಿರಿಟ್ ಬೇಕೆಂದು ಇಬ್ಬರೂ ಪ್ಯಾರೀಸ್ ಕಾರ್ನರ್ ಪೇಟೆಗೆ ಹೋದೆವು. ಅಂಗಡಿಯಲ್ಲಿ ಎಪ್ಪತ್ತು ಪರ್ಸೆಂಟಿನದೂ ಇತ್ತು, ತೊಂಬತ್ತೊಂಬತ್ತರದೂ ಇತ್ತು; ಮಿಕ್ಕಿದ್ದು ನೀರು. ಹಾಲಿಗೆ ನೀರು ಬೆರೆಸುವವನನ್ನು ಬೈಯುತ್ತಲೇ ಬೆಳೆದವಳು ನಾನು, ತೊಂಬತ್ತೊಂಬತ್ತನ್ನೇ ಎತ್ತಿಕೊಂಡೆ. ಅಕ್ಕ ಪಕ್ಕದಲ್ಲೇ ನಿಂತು ನೋಡಿ, ತಾವೂ ಅದನ್ನೇ ಒಂದು ಬಾಟಲಿ ಎತ್ತಿಕೊಂಡರು.

ಮೂರು ಸಲ ಅಣಬೆಯ ಚೀಲ ಕಟ್ಟಿದೆ, ಮೂರು ಸಲವೂ ಹಸಿರು ಬೂಷ್ಟು ಹಿಡಿಯಿತು. ಪ್ರತಿ ಸಲವೂ ಕೆಟ್ಟ ಚೀಲ ಹಿಡಿದು ಅವರ ಬಾಗಿಲಿಗೆ ಹೋಗಿ, ಎಲ್ಲಿ ತಪ್ಪಾಯಿತು ಎಂದು ಕೇಳಿದೆ.

"ಅಯ್ಯೋ ವಿಡುಂಗ, ಬಿಟ್ಬಿಡಿ, ನಿಮ್ ಕೈಗುಣ ಅಷ್ಟೇ ಕಣ್ರೀ," ಎಂದು ಅವರು ನನ್ನ ಅಂಗೈ ಸವರಿದರು. ನಾನು ಸೋತು, ಗೆಳತಿಯರಿಗೆಲ್ಲ ಅವರು ಬೆಳೆದು ಮಾರುವ ಅಣಬೆಯನ್ನೇ ಕೊಳ್ಳಲು ಹೇಳಿದೆ.

ಮೊನ್ನೆ ಒಂದು ಬಟ್ಟಲು ಮೊಸರು ಕೇಳಲು ಹೋದಾಗ, ಅಕ್ಕ ಅದೇ ತೊಂಬತ್ತೊಂಬತ್ತರ ಸ್ಪಿರಿಟ್ಟಿಗೆ ಅಳೆದು ನೀರು ಬೆರೆಸುತ್ತಿದ್ದರು.

"ನೀರು ಯಾಕಕ್ಕ?"

"ಎಪ್ಪತ್ತಕ್ಕೆ ಇಳಿಸ್ಬೇಕಲ್ವಾ? ಬರೀ ಸ್ಪಿರಿಟ್ಟು ಕ್ರಿಮಿ ಸಾಯೋಕ್ ಮುಂಚೇನೇ ಆರಿಹೋಗತ್ತೆ. ನೀರಿದ್ರೇನೇ ಅದು ಕೆಲಸ ಮಾಡೋದು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲೇ ಇಲ್ವಲ್ಲ," ಎಂದು ಅವರು ಬಾಟಲಿಯ ಮುಚ್ಚಳ ತಿರುಗಿಸಿದರು.

ಖಾಲಿ ಬಟ್ಟಲು ಹಿಡಿದು ಮೆಟ್ಟಿಲಿಳಿದು ಬಂದೆ. ನನ್ನ ಕೈಗುಣ ಸರಿಯಿಲ್ಲವೆಂದು ನಂಬಿ, ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದನ್ನೇ ಬಿಟ್ಟು ಆರು ತಿಂಗಳಾಗಿತ್ತು.