ಅಂಜನದಲ್ಲಿ ಬಂದ ‘ಉಂಟು’

ಕಳೆದ ವಾರ ಪಕ್ಕದ ಮನೆಯಲ್ಲಿ ಬಾಣಂತಿಯ ಅಮ್ಮ ಮಗುವಿಗೆಂದು ಕಾಡಿಗೆ ಮಾಡುತ್ತಿದ್ದರು. ಹರಳೆಣ್ಣೆಯ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ, ಕಟ್ಟಿದ ಮಸಿಯನ್ನು ಕೆರೆದು, ಎಣ್ಣೆಯಲ್ಲಿ ಕಲಸಿ... ಅಂಗಡಿಯಲ್ಲಿ ಬೇಕಾದಷ್ಟು ಸಿಗುವ ಕಾಲದಲ್ಲಿ ಇದೆಂಥ ಹಟವಪ್ಪಾ ಎಂದು ನಗುತ್ತಲೇ ಒಳಗೆ ಹೋದೆ. ಆ ವಾಸನೆ ಮೂಗಿಗೆ ಬಡಿದದ್ದೇ, ನನ್ನ ನಗು ಅಲ್ಲೇ ನಿಂತಿತು. ತಲೆನೋವು ಎಂದು ಸುಳ್ಳು ಹೇಳಿ ಎದ್ದು ಬಂದೆ. ಸುಳ್ಳು ಹೇಳುವುದರಲ್ಲಿ ನಾನು ಚಿಕ್ಕಂದಿನಿಂದಲೂ ಚುರುಕು.

ಅರವತ್ತರ ದಶಕದ ಮಾತು. ಹೊಸನಗರದ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನ ಅಪ್ಪನ ಹೋಟೆಲ್ಲು, ಹೋಟೆಲ್ಲಿನ ಹಿಂದೆಯೇ ನಮ್ಮ ಮನೆ. ಮಳೆ ಹಿಂದೆ ಸರಿದ ಮೇಲೆ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಆಟ ಮುಗಿಸಿಕೊಂಡು ಸಿನಿಮಾ ಟೆಂಟು ನಮ್ಮೂರಿಗೆ ಬರುತ್ತಿತ್ತು. ಟೆಂಟಿನ ಜೊತೆಗೆ ಆಪರೇಟರಣ್ಣ ಬರುತ್ತಿದ್ದರು. ಮಿಶನ್ನಿಗೆ ರೀಲು ಹಾಕಿ ಸಿನಿಮಾ ತೋರಿಸುವವರು ಅವರೇ. ಸಣಕಲು ಮೈ, ಮಿಶನ್ನಿನ ದೀಪದ ಕಾರ್ಬನ್ ಕಡ್ಡಿ ಹಿಡಿದು ಹಿಡಿದು ಕಪ್ಪಾದ ಬೆರಳು. ಘಟ್ಟದ ಕೆಳಗಿನವರು, ಉಡುಪಿ ಕಡೆಯವರಂತೆ. ಎರಡು ಹೊತ್ತಿನ ಊಟ ನಮ್ಮ ಹೋಟೆಲ್ಲಿನಲ್ಲಿ. ಟೆಂಟಿನಲ್ಲಿ ನೀರಿನ ಅನುಕೂಲ ಇರಲಿಲ್ಲವೆಂದು ನಮ್ಮ ಬಚ್ಚಲುಮನೆಯಲ್ಲೇ ಸ್ನಾನ ಮಾಡಿ ಹೋಗಲು ಅಮ್ಮ ಹೇಳಿದ್ದಳು. ಅವರ ಮಾತು ನಮಗೆ ತಮಾಷೆ. ನಾವು ‘ಇದೆ’ ಎನ್ನುವಲ್ಲೆಲ್ಲ ಅವರದು ‘ಉಂಟು’. ಅವರು ಊಟ ಮುಗಿಸಿ ಹೋದ ಮೇಲೆ ನಾನು ಅಡಿಗೆಮನೆಯಲ್ಲಿ ‘ಸಾರುಂಟಾ, ಮಜ್ಜಿಗೆಯುಂಟಾ’ ಎಂದು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದೆ.

ನನಗಾಗ ಒಂಬತ್ತೋ ಹತ್ತೋ. ಆ ವರ್ಷ ಶಾಲೆಯ ಮಕ್ಕಳಿಗೆಂದು ಒಂದು ಭಾನುವಾರ ಹಗಲು ಆಟ ಇಟ್ಟರು. ಬೆಳಕು ನುಗ್ಗದ ಹಾಗೆ ಟೆಂಟಿನ ಸುತ್ತ ಕಂಬಳಿಗಳನ್ನು ಇಳಿಬಿಟ್ಟಿದ್ದರು. ಇಂಗ್ಲಿಷ್ ಸಿನಿಮಾ. ಅದರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಮನೆಯ ಹಿತ್ತಲಿಗೆ ಆಕಾಶದಿಂದ ಹೊಳೆಯುವ ಕಲ್ಲೊಂದು ಬೀಳುತ್ತದೆ, ಆ ಮನೆಯ ಮೂರು ಮಕ್ಕಳು ಅದನ್ನು ಮುಟ್ಟುತ್ತಾರೆ, ಬೆಳಗಾಗುವುದರೊಳಗೆ ಮೂವರಿಗೂ ಒಂದೊಂದು ಶಕ್ತಿ ಬಂದಿರುತ್ತದೆ. ದೊಡ್ಡವನು ನೋಡಿದರೆ ತಟ್ಟೆ ತಾನಾಗಿ ಎದ್ದು ಹಾರುತ್ತದೆ. ಎರಡನೆಯವನಿಗೆ ನಾಯಿ ಬೆಕ್ಕುಗಳ ಮನಸ್ಸಿನ ಮಾತು ಕೇಳುತ್ತದೆ. ಕಿರಿಯ ಹುಡುಗಿಗೆ ಗೋಡೆಯ ಆಚೆಯದೂ ಕಾಣುತ್ತದೆ!

ನಮಗೆ ಇಂಗ್ಲಿಷ್ ಎಲ್ಲಿ ಬರಬೇಕು? ಆಪರೇಟರಣ್ಣ ಮೈಕು ಹಿಡಿದು ಮಿಶನ್ನಿನ ಪಕ್ಕದಿಂದಲೇ ಕನ್ನಡದಲ್ಲಿ ಕಥೆ ಹೇಳಿದರು. ಬಿಳಿ ತೊಗಲಿನ ಆ ಮಕ್ಕಳಿಗೆ ರಾಮು, ಶಾಮು, ಗೌರಿ ಎಂದು ನಾಮಕರಣ ಮಾಡಿದ್ದೂ ಅವರೇ. ಅವರಿಗೂ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ, ಕಥೆಯೆಲ್ಲ ಅವರ ತಲೆಯಿಂದಲೇ ಹುಟ್ಟಿದ್ದು ಎಂದು ನನಗೆ ಆಮೇಲೆ ಗೊತ್ತಾಯಿತು. ಕೊನೆಯಲ್ಲಿ ಕಪ್ಪು ಕನ್ನಡಕದ ವಿಜ್ಞಾನಿಯೊಬ್ಬ ಕಲ್ಲನ್ನು ಕದ್ದು ಬಚ್ಚಿಡುತ್ತಾನೆ. ಗೌರಿ ಕಣ್ಣು ಮುಚ್ಚಿ ಅದನ್ನು ಹುಡುಕುತ್ತಾಳೆ. ಆಗ ಮೈಕಿನಲ್ಲಿ ಆಪರೇಟರಣ್ಣ ದನಿ ತಗ್ಗಿಸಿ, “ಕತ್ತಲೆ ಕೋಣೆ ಉಂಟು ಮಕ್ಳೇ... ದುಂಡು ಡಬ್ಬಿ ಉಂಟು... ಡಬ್ಬಿಯೊಳಗೆ ಬೆಳಕುಂಟು...” ಎಂದರು. ನನ್ನ ಮೈಮೇಲೆ ಮುಳ್ಳೆದ್ದವು.

ಮಾರನೆಯ ದಿನದಿಂದ ನಾನೇ ಗೌರಿ. ಶಾಲೆಯಲ್ಲಿ ಯಾರ ಬುತ್ತಿಯಲ್ಲಿ ಏನಿದೆ ಎಂದು ಮುಚ್ಚಳ ತೆಗೆಯದೆ ಹೇಳುತ್ತಿದ್ದೆ. ಹೋಟೆಲ್ಲಿನವರ ಮಗಳು ನಾನು, ಮೂಗಿನಿಂದ ಹೇಳುತ್ತಿದ್ದೆ. ಕಣ್ಣಿಗೆ ಕಾಣುತ್ತದೆ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಹುಡುಗಿಯರೆಲ್ಲ ಬಾಯಿ ಬಿಟ್ಟುಕೊಂಡು ನಂಬಿದರು. ನಾನೋ, ಜಂಭದ ಕೋಳಿ. ಊಟಕ್ಕೆ ಬಂದ ಆಪರೇಟರಣ್ಣನ ಮುಂದೆಯೂ ಹೋಗಿ ನಿಂತೆ. ಅವರು ನಗಲಿಲ್ಲ.

“ಹೌದಾ? ಹಾಗಾದ್ರೆ ನನ್ನ ಕಿಸೆಯಲ್ಲಿ ಎಂತ ಉಂಟು ಹೇಳು.”

“ಶುಂಠಿ ಪೆಪ್ಪರಮೆಂಟು!”

ತೆಗೆದು ಕೈಗಿಟ್ಟರು. ಆಮೇಲೆ ಬಗ್ಗಿ ನನ್ನ ಮೂಗನ್ನು ಮೆಲ್ಲಗೆ ಹಿಂಡಿ, “ಶಕ್ತಿ ಇರುದು ಇಲ್ಲಿ. ಯಾರಿಗೂ ಹೇಳುದಿಲ್ಲ ಆಯ್ತಾ?” ಎಂದರು. ನನ್ನ ಗುಟ್ಟು ಗೊತ್ತಿದ್ದದ್ದು ಅವರೊಬ್ಬರಿಗೇ. ಅವರು ಯಾರಿಗೂ ಹೇಳಲಿಲ್ಲ.

ಅದಾಗಿ ವಾರ ಕಳೆದಿತ್ತೋ ಇಲ್ಲವೋ, ಅತ್ತೆಯ ಬೆಂಡೋಲೆ ಕಳೆಯಿತು. ಅತ್ತೆ ಎಂದರೆ ಅಪ್ಪನ ತಂಗಿ. ಅವಳ ಮದುವೆಗೆ ಹದಿನೈದು ದಿನ ಇತ್ತು. ಓಲೆಗಳು ಗಂಡಿನ ಮನೆಯವರು ಹಾಕಿದ್ದು. ಬಚ್ಚಲಿನಲ್ಲಿ ತಲೆಸ್ನಾನಕ್ಕೆಂದು ಬಿಚ್ಚಿ ಗೂಡಿನಲ್ಲಿ ಇಟ್ಟಿದ್ದಳು, ಸ್ನಾನ ಮುಗಿಸಿ ಮರೆತು ಬಂದು, ಸಂಜೆ ಹೋಗಿ ನೋಡಿದರೆ ಒಂದೇ ಇದೆ. ಕಳ್ಳನಾದವನು ಒಂದನ್ನು ಬಿಟ್ಟು ಹೋಗುತ್ತಾನೆಯೇ ಎಂಬುದು ಇಷ್ಟು ಜನ ದೊಡ್ಡವರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಅಜ್ಜಿ ಮಾಸ್ತಿಕಟ್ಟೆ ಕಡೆಯಿಂದ ಅಂಜನ ಹಾಕುವವರನ್ನು ಕರೆಸಿದಳು.

ಕಳೆದ ವಸ್ತು ಎಲ್ಲಿದೆ ಎಂದು ವೀಳ್ಯದೆಲೆಗೆ ಬಳಿದ ಮಸಿಯಲ್ಲಿ ನೋಡುವುದು ಅಂಜನ. ಆ ಮಸಿಯಲ್ಲಿ ಆಂಜನೇಯ ಬಂದು ಜಾಗ ತೋರಿಸುತ್ತಾನೆಂದು ನಂಬಿಕೆ. ಎಲ್ಲರಿಗೂ ಕಾಣುವುದಿಲ್ಲ, ಕಾಲು ಮುಂದಾಗಿ ಹುಟ್ಟಿದವರಿಗೆ ಕಾಣುತ್ತದಂತೆ. ಹುಟ್ಟುವಾಗ ನಾನು ಕಾಲು ಮುಂದೆ ಮಾಡಿಕೊಂಡೇ ಬಂದವಳು. ಅದರ ಮೇಲೆ ಶಾಲೆಯಲ್ಲಿ ನಾನು ಎಬ್ಬಿಸಿದ ಪುಕಾರು ಬೇರೆ ಅಜ್ಜಿಯ ಕಿವಿಗೆ ಬಿದ್ದಿತ್ತು. “ಕೂಸಿಗೆ ಮುಚ್ಚಿಟ್ಟಿದ್ದೆಲ್ಲ ಕಾಣ್ತದಂತೆ!” ಎಂದು ಹೆಮ್ಮೆಯಿಂದ ತಂದು ಕೂರಿಸಿದಳು.

ಬೆಳಗಿನ ಹೊತ್ತು. ಹರಳೆಣ್ಣೆಯ ಮಸಿಯ ಆ ವಾಸನೆ... ಎಲೆಯಲ್ಲಿ ನನಗೆ ಕಂಡದ್ದು ದೀಪದ ಕುಡಿ, ನನ್ನದೇ ಮೂಗು. ಅಷ್ಟೇ. ಅಂಜನದವರು “ಆಂಜನೇಯ ಬಂದ್ನಾ?” ಎಂದರು. ಬಂದ ಎಂದೆ. “ಸುಳ್ಳು ಹೇಳಿದ್ರೆ ಕಣ್ಣು ಹೋಗ್ತದೆ, ಜೋಕೆ. ವಸ್ತು ಎಲ್ಲಿದೆ ಕೇಳು ಅವನನ್ನ” ಎಂದರು. ಸುತ್ತ ಅರ್ಧ ಬೀದಿ ನೆರೆದಿತ್ತು. ನನ್ನ ಗೆಳತಿಯರು ಬಾಗಿಲಿನಲ್ಲಿ ಇಣುಕುತ್ತಿದ್ದರು. ಏನೂ ಕಾಣುತ್ತಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಮರ್ಯಾದೆ ಹೋಗುತ್ತಿತ್ತು, ಅಷ್ಟೇ. ಒಂಬತ್ತು ವರ್ಷದವಳ ಮರ್ಯಾದೆ, ಅದೆಷ್ಟು ತೂಕದ್ದೋ! ಗೌರಿಯ ಹಾಗೆ ಕಣ್ಣು ಅರ್ಧ ಮುಚ್ಚಿದೆ. ಬಾಯಿಗೆ ಬಂದದ್ದು ಅದೇ. “ಕತ್ತಲೆ ಕೋಣೆ ಉಂಟು. ದುಂಡು ಡಬ್ಬಿ ಉಂಟು. ಡಬ್ಬಿಯೊಳಗೆ ಬೆಳಕುಂಟು.”

ಆ ಮಾತು ಸಿನಿಮಾದ್ದೆಂದು ಗುರುತು ಹಿಡಿಯಬಹುದಾಗಿದ್ದ ಗೆಳತಿಯರು, ನನಗೆ ಗೌರಿಯ ಶಕ್ತಿಯೇ ಬಂದಿದೆ ಎಂದು ನಂಬಿಬಿಟ್ಟಿದ್ದರು. ಅಜ್ಜಿ ಎದೆ ಬಡಿದುಕೊಂಡಳು. “ಅಯ್ಯೋ ಶಿವನೇ! ನಮ್ಮನೇಲಿ ಯಾರು ‘ಉಂಟು’ ಅಂತಾರೆ? ಕೂಸಿನ ಬಾಯಲ್ಲಿ ಆ ಸಿನಿಮಾದವನೇ ಮಾತಾಡ್ತಿದಾನೆ!”

ನನ್ನ ನಾಲಿಗೆಗೆ ಅಂಟಿಕೊಂಡಿದ್ದ ಅವರ ಮಾತು ಅವರ ಮೇಲೆಯೇ ಸಾಕ್ಷಿಯಾಯಿತು. ಕತ್ತಲೆ ಕೋಣೆ ಎಂದರೆ ಮಿಶನ್ ಕೋಣೆ, ದುಂಡು ಡಬ್ಬಿ ಎಂದರೆ ರೀಲಿನ ಡಬ್ಬಿ. ಅವರು ದಿನಾ ಬಚ್ಚಲಿಗೆ ಬಂದು ಹೋಗುವವರು ಬೇರೆ. ಎಲ್ಲವೂ ಹೊಂದಿಕೊಂಡಿತು. ಅಪ್ಪ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, “ಆಪರೇಟರೇನಾ, ಪುಟ್ಟಿ?” ಎಂದು ಕೇಳಿದರು. ನಾನು ಹೌದೆಂದು ತಲೆ ಆಡಿಸಿದೆ. ಇಲ್ಲಿಯವರೆಗೆ ಆಡಿದ್ದನ್ನು ಮಕ್ಕಳಾಟ ಎಂದು ಬಿಡಬಹುದು. ತಲೆ ಆಡಿಸಿದ್ದನ್ನು ಏನೆಂದು ಬಿಡಲಿ?

ನನ್ನನ್ನೂ ಎಳೆದುಕೊಂಡೇ ಟೆಂಟಿಗೆ ಹೋದರು. ಆಪರೇಟರಣ್ಣ ಬಿಸಿಲಿನಲ್ಲಿ ಕುಳಿತು ಹರಿದ ರೀಲಿಗೆ ಅಂಟು ಹಾಕುತ್ತಿದ್ದರು. ಅವರ ಟ್ರಂಕು ಮಗುಚಿದರು. ಎರಡು ಅಂಗಿ, ಒಂದು ಪಂಚೆ, ಪೆಪ್ಪರಮೆಂಟಿನ ಪೊಟ್ಟಣ. ರೀಲಿನ ಡಬ್ಬಿಗಳನ್ನೆಲ್ಲ ಬಿಚ್ಚಿದರು, ರೀಲುಗಳು ಮಣ್ಣಿನಲ್ಲಿ ಸುರುಳಿ ಸುರುಳಿಯಾಗಿ ಬಿದ್ದವು. ಓಲೆ ಇದ್ದರೆ ತಾನೇ ಸಿಗುವುದು! ಸಿಗದಿದ್ದದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು. ಅಪ್ಪ ಅವರ ಕೊರಳಪಟ್ಟಿ ಹಿಡಿದು, “ನನ್ನ ಮಗಳು ಅಂಜನದಲ್ಲಿ ನೋಡಿದಾಳೆ ಕಣೋ. ಕತ್ತಲೆ ಕೋಣೆ ಉಂಟು, ದುಂಡು ಡಬ್ಬಿ ಉಂಟು, ಡಬ್ಬಿಯೊಳಗೆ ಬೆಳಕುಂಟು ಅಂದ್ಲು. ಇನ್ನೇನು ಬೇಕು ನಿಂಗೆ?” ಎಂದರು.

ಆಪರೇಟರಣ್ಣ ಫಕ್ಕನೆ ನನ್ನ ಕಡೆ ತಿರುಗಿದರು. ಅವರಿಗೆ ತಿಳಿಯಿತು. ತಿಳಿಯಿತು ಎಂದು ನನಗೂ ತಿಳಿಯಿತು. ‘ಅದು ನಾನು ಮೈಕಿನಲ್ಲಿ ಹೇಳಿದ ಕಥೆ, ಊರಿನ ಮಕ್ಕಳೆಲ್ಲ ಕೇಳಿದ್ದಾರೆ, ಬೇಕಾದರೆ ವಿಚಾರಿಸಿ’ ಎಂದು ಒಂದು ಮಾತು ಹೇಳಿದ್ದರೆ ಅವರು ಅಲ್ಲೇ ಪಾರಾಗುತ್ತಿದ್ದರು. ಅಪ್ಪನ ಕೈ ನನ್ನ ಮೇಲೆ ತಿರುಗುತ್ತಿತ್ತು. ನನ್ನ ಲಂಗ ಒದ್ದೆಯಾಗಿತ್ತು. ಅವರು ಅದನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ...

“ನಾ ಕದ್ದಿಲ್ಲ ರಾಯರೇ” ಎಂದರು. “ಮಗು ಹೇಳಿದ್ದಕ್ಕೆ ನಾನೆಂತ ಹೇಳುದು?”

ಅಪ್ಪ ಹೊಡೆದರು. ಎರಡು ಸಲ. ಬಾಯಿ ಕಟ್ಟಿಹೋಯ್ತು ನೋಡಿ ಕಳ್ಳನಿಗೆ ಎಂದು ಯಾರೋ ಹಿಂದಿನಿಂದ ಕೂಗಿದರು. ಊರಿನವರನ್ನು ಎದುರು ಹಾಕಿಕೊಂಡರೆ ಟೆಂಟಿಗೆ ಜನ ಬರುವುದಿಲ್ಲವೆಂದು ಹೆದರಿ ಟೆಂಟಿನ ಯಜಮಾನ ನಿಂತ ನಿಲುವಿನಲ್ಲೇ ಅವರನ್ನು ಕೆಲಸದಿಂದ ಬಿಡಿಸಿದ.

ಮಧ್ಯಾಹ್ನದ ಬಸ್ಸಿಗೆ ಅವರು ಹೊರಟರು. ನಮ್ಮ ಹೋಟೆಲ್ಲಿನ ಎದುರಿನಲ್ಲೇ ಬಸ್ಸಿಗೆ ಕಾಯಬೇಕಲ್ಲ, ಟ್ರಂಕನ್ನು ಹೆಗಲ ಮೇಲೆ ಇಟ್ಟುಕೊಂಡು ಬಂದರು. ತುಟಿ ಊದಿತ್ತು. ನಾನು ಬಾಗಿಲಿನಲ್ಲಿ ನಿಂತಿದ್ದೆ. ಬಸ್ಸು ಬಂದಾಗ ಹತ್ತುವ ಮೊದಲು ನನ್ನ ಹತ್ತಿರ ಬಂದು, “ಕಥೆ ಚಂದ ಹೇಳ್ದೆ, ಮಗಾ” ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಬೈದಿದ್ದರೆ ನಾನು ಎಂದೋ ಮರೆಯುತ್ತಿದ್ದೆ.

ಹೊಸ ಓಲೆ ಮಾಡಿಸಿ ಅತ್ತೆಯ ಮದುವೆ ಸುಸೂತ್ರವಾಗಿ ನಡೆಯಿತು. ಅದಾಗಿ ಎರಡು ತಿಂಗಳಿಗೆ ಬಚ್ಚಲುಮನೆಯಲ್ಲಿ ಸೀಗೆಪುಡಿಯ ಡಬ್ಬಿ ಖಾಲಿಯಾಯಿತು. ಅಮ್ಮ ತಳ ಕೆರೆಯುವಾಗ ಬೆಂಡೋಲೆ ಕೈಗೆ ಸಿಕ್ಕಿತು. ಗೂಡಿನಿಂದ ಜಾರಿ, ಕೆಳಗೆ ಬಾಯಿ ತೆರೆದಿದ್ದ ಡಬ್ಬಿಗೆ ಬಿದ್ದಿದೆ. ಅಮ್ಮ ಅಲ್ಲೇ ಕುಸಿದು ಕುಳಿತಳು. ಅಜ್ಜಿ ಮಾತ್ರ ಕೈ ಮುಗಿದಳು. “ನೋಡಿದ್ರಾ? ಕತ್ತಲೆ ಕೋಣೆ, ದುಂಡು ಡಬ್ಬಿ, ಒಳಗೆ ಚಿನ್ನದ ಬೆಳಕು! ಅಂಜನ ಸುಳ್ಳಾಗ್ಲಿಲ್ಲ. ನಾವೇ ತಪ್ಪು ತಿಳಿದ್ವಿ. ಕೂಸಿನ ಕಣ್ಣು ಸಾಮಾನ್ಯದ್ದಲ್ಲ” ಎಂದು ನನಗೆ ದೃಷ್ಟಿ ತೆಗೆದಳು. ದೃಷ್ಟಿ ತೆಗೆಸಿಕೊಳ್ಳುತ್ತಾ ಸುಮ್ಮನೆ ನಿಂತಿದ್ದೆ ನಾನು. ಥೂ ನನ್ನ ಜನ್ಮಕ್ಕಿಷ್ಟು.

ಓಲೆ ಸಿಕ್ಕ ಸುದ್ದಿ ಹೊರಗೆ ಹೋಗಬಾರದೆಂದು ಮನೆಯಲ್ಲಿ ತೀರ್ಮಾನವಾಯಿತು. ಅಮ್ಮ ಒಬ್ಬಳೇ, “ಆ ಪಾಪದವರಿಗೊಂದು ಕಾಗದ ಹಾಕಿ” ಎಂದಳು. ಅಪ್ಪ, “ಯಾವ ಹೆಸರಿಗೆ ಹಾಕ್ಲಿ?” ಎಂದರು. ಮೂರು ವರ್ಷ ನಮ್ಮಲ್ಲಿ ಉಂಡವರ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮುಂದಿನ ವರ್ಷ ಟೆಂಟಿನ ಜೊತೆ ಬೇರೊಬ್ಬ ಆಪರೇಟರ್ ಬಂದ. ಹಳಬರನ್ನು ಅದಾದ ಮೇಲೆ ಯಾವ ಟೆಂಟಿನವರೂ ಸೇರಿಸಿಕೊಳ್ಳಲಿಲ್ಲ, ಕಳ್ಳ ಎಂಬ ಮಾತು ಅವರಿಗಿಂತ ಮುಂಚೆಯೇ ಎಲ್ಲ ಕಡೆ ಹೋಗಿ ಮುಟ್ಟಿತ್ತು ಎಂದು ಅವನೇ ನಮ್ಮ ಹೋಟೆಲ್ಲಿನಲ್ಲಿ ಚಾ ಕುಡಿಯುತ್ತಾ ಹೇಳಿದ. ಅಪ್ಪ ಎದ್ದು ಒಳಗೆ ಹೋದರು.

ಈಗ ಅಜ್ಜಿ ಇಲ್ಲ, ಅಪ್ಪ ಅಮ್ಮ ಇಲ್ಲ, ಅತ್ತೆಯೂ ಹೋದಳು. ಆ ಬೆಳಿಗ್ಗೆ ಏನೂ ಕಾಣಲಿಲ್ಲ ಎಂದು ಅವರಲ್ಲಿ ಒಬ್ಬರಿಗೂ ನಾನು ಹೇಳಲಿಲ್ಲ. ಆಪರೇಟರಣ್ಣನೂ ಇರಲಾರರು. ಅವರಿಗೆ ಮಕ್ಕಳಿದ್ದರೋ ಏನೋ. ತಮ್ಮ ಅಪ್ಪನನ್ನು ಕಳ್ಳ ಎಂದು ಊರು ಬಿಡಿಸಿದ್ದರಂತೆ ಎಂದು ಕೇಳಿಕೊಂಡೇ ಬೆಳೆದರೋ ಏನೋ... ಹೆಸರು ಗೊತ್ತಿದ್ದಿದ್ದರೆ ಇಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೆ, ಇಂಥವರು ಕದ್ದಿಲ್ಲ ಎಂದು. ಅವರ ಮಕ್ಕಳೋ ಮೊಮ್ಮಕ್ಕಳೋ ಓದಿ ಗುರುತಿಸುತ್ತಿದ್ದರು. ನಾನು ಕೇಳಿರಲಿಲ್ಲ. ಬರೆಯಲು ನನ್ನ ಹತ್ತಿರ ಆ ಹೆಸರಿಲ್ಲ.