ಕಮಲಾಬಾಯಿಯ ಜೀಪಿಗೆ ಬ್ಯಾಟರಿ

ತೇರದಾಳದ ಕಮಲಾಬಾಯಿ ಶಾಲೆಯ ನೌಕರಿಯಿಂದ ನಿವೃತ್ತರಾದ ಮೇಲೆ ಹಳೆಯದೊಂದು ಜೀಪು ಕೊಂಡಿದ್ದರು. ಕಬ್ಬಿನ ಹೊಲಗಳ ನಡುವಿನ ಕೆಸರುದಾರಿ ಹಿಡಿದು ಕೃಷ್ಣೆಯ ದಂಡೆಗೆ ಹೋಗುವುದೇ ಅವರ ಸಂತೋಷ. ಅದರ ಬ್ಯಾಟರಿ ಸತ್ತಾಗ, ಮಂದಿಯಿಂದ ತಳ್ಳಿಸಿ ಚಾಲೂ ಮಾಡಿಕೊಂಡು ಜಮಖಂಡಿಯ ಅನಂತನ ಬ್ಯಾಟರಿ ಅಂಗಡಿಗೆ ಬಂದರು.

“ಎಲ್ಲಾಕ್ಕಿಂತ ದೊಡ್ಡದು ಕೊಡಪಾ.”

“ದೊಡ್ಡದು ನಿಮ್ಮ ಜೀಪಿನ್ಯಾಗ ಕೂಡೂದಿಲ್ರೀ ಅಕ್ಕೋರ. ಮೊದಲ ಹೇಳ್ರಿ, ಎಂಥಾ ದಾರ್ಯಾಗ ಹೋಗ್ತೀರಿ?”

ಕಮಲಾಬಾಯಿ ಹೇಳತೊಡಗಿದರು. ಜೀಪು ಮಗ್ಗುಲಿಗೆ ವಾಲುವ ಇಳಿಜಾರು, ಹಲ್ಲು ಕಟಕಟಿಸುವ ಕಲ್ಲುಹಾದಿ, ಆಮೇಲೆ ಮಂಜಿನೊಳಗೆ ತೇಲುತ್ತಿರುವಂಥ ನದಿ. ಹೇಳುತ್ತ ಹೇಳುತ್ತ ಅವರ ಕಣ್ಣು ತಾವಾಗಿಯೇ ಮುಚ್ಚಿದವು. ಅನಂತನೂ ನಟ್ಟು ಬಿಚ್ಚಲೆಂದು ಕೈಯಲ್ಲಿ ಹಿಡಿದಿದ್ದ ಪಾನಾ ಮರೆತು ಕೇಳುತ್ತ ನಿಂತ.

“ಹಂಗಾದ್ರ ಇದನ್ನ ಒಯ್ರಿ,” ಎಂದು ಸಣ್ಣದೊಂದನ್ನು ಎತ್ತಿ ತೋರಿಸಿದ. “ವಾಲಿದ್ರೂ ಆ್ಯಸಿಡ್ ಚೆಲ್ಲೂದಿಲ್ಲ, ಎಷ್ಟು ಕುಲುಕಿದ್ರೂ ತಡೀತೈತಿ.”

ಮರುದಿನ ಬೆಳಿಗ್ಗೆ ದಂಡೆಯ ಮೇಲೆ ಕಮಲಾಬಾಯಿ ಎಂಜಿನ್ ಬಂದ್ ಮಾಡಿದರು. ಹಳೆಯ ಬ್ಯಾಟರಿ ಕೈಕೊಟ್ಟೀತೆಂಬ ಅಂಜಿಕೆಗೆ ಎರಡು ವರ್ಷದಿಂದ ಅಲ್ಲಿ ಅವರು ಎಂಜಿನ್ ನಿಲ್ಲಿಸಿರಲೇ ಇಲ್ಲ. ನೀರಿಗೆ ಇಷ್ಟು ಮೆಲ್ಲನೆಯ ಸದ್ದಿದೆಯೆಂದು ಅವರಿಗೆ ತಿಳಿದದ್ದು ಅಂದೇ. ಬಿಸಿಲು ಮಡಿಲಿಗೆ ಬರುವವರೆಗೂ ಕೇಳುತ್ತ ಕೂತಿದ್ದರು.